ನಾಮೋಪವಾಕ್ಯವೂ ಕನ್ನಡದ ವಿಭಕ್ತಿಯೂ

ಇಂಗ್ಲಿಷಿನ ಮಿಶ್ರವಾಕ್ಯದಲ್ಲಿ ಅಧೀನವಾಕ್ಯವೊಂದು ಇಡಿಯಾಗಿ ನಾಮಪದದ ಕಾರ್ಯವನ್ನು ನಿರ್ವಹಿಸಿದರೆ ಅದು ನಾಮೋಪವಾಕ್ಯ. ‘ದಟ್’, ‘ವೆದರ್’, ‘ವಾಟ್’, ‘ವೆನ್’ ಮೊದಲಾದ ಪದಗಳು ಅದರ ಆರಂಭದಲ್ಲಿ ಬರುತ್ತವೆ. ಇವುಗಳಲ್ಲಿ ಕೆಲವು ಬೇರೆ ಬಗೆಯ ಉಪವಾಕ್ಯಗಳಲ್ಲಿಯೂ ಬರುವುದರಿಂದ, ಮೊದಲ ಪದವನ್ನಷ್ಟೇ ನೋಡಿ ನಿರ್ಣಯಿಸುವವರು ಅನುವಾದದಲ್ಲಿ ಎಡವುತ್ತಾರೆ. ಇಲ್ಲಿ ಕನ್ನಡದ ವಿಭಕ್ತಿಜ್ಞಾನ ನೆರವಿಗೆ ಬರುತ್ತದೆ.

‘ದಟ್ ದ ವೆಲ್ ಈಸ್ ಡ್ರೈ’ ಎಂಬ ಉಪವಾಕ್ಯವನ್ನು ಗಮನಿಸಬಹುದು. ಇಂಗ್ಲಿಷಿನಲ್ಲಿ ಇದರ ರೂಪ ಎಲ್ಲಿಯೂ ಬದಲಾಗದು. ಸ್ಥಾನವೇ ಕಾರ್ಯವನ್ನು ಸೂಚಿಸುತ್ತದೆ. ಕನ್ನಡದಲ್ಲಿ ರೂಪವೇ ಅದನ್ನು ಹೇಳಿಬಿಡುತ್ತದೆ.

ಕರ್ತೃ: ‘ದಟ್ ದ ವೆಲ್ ಈಸ್ ಡ್ರೈ ವರೀಸ್ ಅಸ್’ — ಬಾವಿ ಬತ್ತಿದೆ ಎಂಬುದು ನಮ್ಮನ್ನು ಚಿಂತೆಗೀಡುಮಾಡಿದೆ.

ಕರ್ಮ: ‘ವೀ ನೋ ದಟ್ ದ ವೆಲ್ ಈಸ್ ಡ್ರೈ’ — ಬಾವಿ ಬತ್ತಿದೆ ಎಂಬುದನ್ನು ನಾವು ಬಲ್ಲೆವು.

ಪೂರಕ: ‘ದ ಟ್ರೂತ್ ಈಸ್ ದಟ್ ದ ವೆಲ್ ಈಸ್ ಡ್ರೈ’ — ಬಾವಿ ಬತ್ತಿದೆ ಎಂಬುದೇ ಸತ್ಯ.

ಸಮಾನಾಧಿಕರಣ: ‘ದ ನ್ಯೂಸ್ ದಟ್ ದ ವೆಲ್ ಈಸ್ ಡ್ರೈ’ — ಬಾವಿ ಬತ್ತಿದೆ ಎಂಬ ಸುದ್ದಿ.

ಕೊನೆಯ ಬಗೆಯಲ್ಲಿ ಎಚ್ಚರ ಅಗತ್ಯ. ‘ದ ನ್ಯೂಸ್ ದಟ್ ಹೀ ಬ್ರಾಟ್’ ಎಂಬಲ್ಲಿಯೂ ‘ದಟ್’ ಇದೆ. ಆದರೆ ಅದರ ಕನ್ನಡ ‘ಅವನು ತಂದ ಸುದ್ದಿ’. ಇಲ್ಲಿ ‘ಎಂಬ’ ಎನ್ನುವುದಕ್ಕೆ ಎಡೆಯಿಲ್ಲ. ಕೃದಂತವು ಸುದ್ದಿಗೆ ವಿಶೇಷಣವಾಗಿದೆ. ಮೊದಲನೆಯದು ಸುದ್ದಿಯ ಒಳಗಿನ ವಿಷಯ, ಎರಡನೆಯದು ಸುದ್ದಿ ಯಾವುದೆಂಬುದರ ಗುರುತು.

‘ವೆನ್’ ಕೂಡ ಹೀಗೆಯೇ. ‘ಐ ನೋ ವೆನ್ ಹೀ ಕಮ್ಸ್’ ಎಂದರೆ ‘ಅವನು ಯಾವಾಗ ಬರುತ್ತಾನೆ ಎಂಬುದನ್ನು ಬಲ್ಲೆ’, ಇದು ನಾಮೋಪವಾಕ್ಯ. ‘ಐ ಲೀವ್ ವೆನ್ ಹೀ ಕಮ್ಸ್’ ಎಂದರೆ ‘ಅವನು ಬಂದಾಗ ಹೊರಡುತ್ತೇನೆ’, ಇದು ಕ್ರಿಯಾವಿಶೇಷಣ.

ಗಡಿನಾಡಿನ ವಿದ್ಯಾರ್ಥಿಗಳಿಗೆ ಇನ್ನೊಂದು ಹೋಲಿಕೆ ಉಪಯುಕ್ತ. ತಮಿಳಿನ ‘ಎನ್ರು’, ಮಲಯಾಳದ ‘ಎನ್ನ್’, ತೆಲುಗಿನ ‘ಅನಿ’ ಇವು ಕನ್ನಡದ ‘ಎಂದು’ವಿನಂತೆ ಉಪವಾಕ್ಯದ ಕೊನೆಯಲ್ಲಿ ಬರುತ್ತವೆ. ಇಂಗ್ಲಿಷಿನ ‘ದಟ್’, ಮರಾಠಿಯ ‘ಕೀ’ ಆರಂಭದಲ್ಲಿ ನಿಲ್ಲುತ್ತವೆ. ಆದುದರಿಂದ ಅನುವಾದಿಸುವಾಗ ಉಪವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು. ಬಳಿಕ ಅದರ ಎಡೆಯಲ್ಲಿ ‘ಇದು’ ಅಥವಾ ‘ಇದನ್ನು’ ಎಂದಿಟ್ಟು ನೋಡಬೇಕು. ‘ಇದು’ ಹೊಂದಿದರೆ ಕರ್ತೃ ಅಥವಾ ಪೂರಕ, ‘ಇದನ್ನು’ ಹೊಂದಿದರೆ ಕರ್ಮ. ಎರಡೂ ಹೊಂದದೆ, ಹಿಂದಿನ ನಾಮಪದಕ್ಕೆ ‘ಎಂಬ’ದಿಂದ ಸೇರಿಕೊಂಡರೆ ಅದು ಸಮಾನಾಧಿಕರಣ.