ಬೊಗಸೆ ನೀರಿಗೆ ಬಂದ ವಿಜ್ಞಾನ

1971. ಬಾಂಗ್ಲಾ ಯುದ್ಧದಿಂದ ತಪ್ಪಿಸಿಕೊಂಡು ಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯಲ್ಲಿ ಬೀಡುಬಿಟ್ಟಿದ್ದರು. ಕಾಲರಾ ಹರಡಿತು. ಬನಗಾಂವ್ ಆಸ್ಪತ್ರೆಯಲ್ಲಿ ಮಂಚ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು.

ಮಕ್ಕಳ ತಜ್ಞ ಡಾ. ದಿಲೀಪ್ ಮಹಲನಾಬಿಸ್ ಕಲ್ಕತ್ತೆಯಲ್ಲಿ ಪುಡಿ ಮಿಶ್ರಣ ಮಾಡಿಸಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಡ್ರಮ್‌ಗಳಲ್ಲಿ ಕಲಸಿಟ್ಟ ಈ ನೀರನ್ನು ರೋಗಿಗಳಿಗೆ ಕುಡಿಸಿದವರು ನರ್ಸ್‌ಗಳಲ್ಲ, ಬಂಧುಗಳು! ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಇದರ ಗುಟ್ಟು ಸರಳ. ಕಾಲರಾ ತಗುಲಿದ ಕರುಳೂ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಸಕ್ಕರೆ ಒಳಹೋಗುವಾಗ ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ, ನೀರು ಅವುಗಳ ಬೆನ್ನು ಹತ್ತುತ್ತದೆ. ಬರೀ ನೀರು ಕುಡಿಸಿದರೆ ಈ ಕೆಲಸ ಆಗದು.

ಹಾಗಾದರೆ ಇದು 1971ರಲ್ಲಿ ಕಂಡುಕೊಂಡದ್ದೇ? ಅಲ್ಲ. ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ದ್ರವ ಕೊಟ್ಟ ವಿವರವನ್ನು 1953ರಲ್ಲೇ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ವೈದ್ಯಲೋಕ ಅದನ್ನು ಹೆಚ್ಚು ಗಮನಿಸಲಿಲ್ಲ. ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಅಳತೆಗೋಲು ಹಿಡಿದು ಸಾಬೀತುಪಡಿಸಲು 1968 ಬರಬೇಕಾಯಿತು. ಆಮೇಲೂ ಅನೇಕ ವೈದ್ಯರಿಗೆ ಇದು ಪರಿಣತರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕಾದ ಚಿಕಿತ್ಸೆ ಎನಿಸಿತ್ತು. ಮಹಲನಾಬಿಸ್ ತಂಡದ ವರದಿ ಅಚ್ಚಾದದ್ದು 1973ರಲ್ಲಿ. ಅಷ್ಟರಲ್ಲಿ ಬಾಂಗ್ಲಾದ ಗುಪ್ತ ರೇಡಿಯೊ ಈ ಪಾಕವಿಧಾನವನ್ನು ಬಿತ್ತರಿಸಿಯೂ ಆಗಿತ್ತು! ಶಿಬಿರಕ್ಕೆ ಬಂದು ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಡಾ. ಧೀಮನ್ ಬರುವಾ ಇದರ ಪರವಾಗಿ ವಾದಿಸಿದರು. 1978ರಲ್ಲಿ ಸಂಸ್ಥೆ ಅತಿಸಾರ ನಿಯಂತ್ರಣಕ್ಕೆಂದೇ ಕಾರ್ಯಕ್ರಮ ಆರಂಭಿಸಿತು.

ವೈದ್ಯರಿಗೆ ತಿಳಿಯಿತು, ತಾಯಂದಿರಿಗೆ? ಪೊಟ್ಟಣ ಸಿಗದ ಹಳ್ಳಿಗಳಲ್ಲಿ ಗ್ರಾಂ ಲೆಕ್ಕ ಯಾರಿಗೆ ಬೇಕು? ಬಾಂಗ್ಲಾದೇಶದ 'ಬ್ರಾಕ್' ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸಿತು. ಅವರ ಪಾಠದಲ್ಲಿದ್ದುದು ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದ್ದರಿಂದ ತಾಯಂದಿರು ಕಲಸಿದ ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತಿತ್ತು.

ಮೊದಮೊದಲು ಒಬ್ಬ ಕಾರ್ಯಕರ್ತೆ ದಿನಕ್ಕೆ ಇಪ್ಪತ್ತು ಮನೆಗಳಿಗೆ ಹೋಗುತ್ತಿದ್ದಳು. ಪಾಠ ನಿಲ್ಲುವುದಿಲ್ಲವೆಂದು ಕಂಡಾಗ ಅದನ್ನು ಹತ್ತಕ್ಕೆ ಇಳಿಸಿದರು. ತೋರಿಸಿ ಬರುವ ಬದಲು ತಾಯಿಯ ಕೈಯಿಂದಲೇ ಕಲಸಿಸಿದರು. ಸಂಬಳದ ಲೆಕ್ಕವಂತೂ ಇನ್ನೂ ವಿಚಿತ್ರ. ಕೆಲವು ವಾರಗಳ ಬಳಿಕ ಮೇಲ್ವಿಚಾರಕರು ಬಂದು ಪ್ರಶ್ನೆ ಕೇಳಿದಾಗ ತಾಯಂದಿರಿಗೆ ಎಷ್ಟು ಅಂಶ ನೆನಪಿದೆಯೋ ಅಷ್ಟಕ್ಕೆ ತಕ್ಕ ಹಣ! ಹೀಗೆ ಅವರು 1.2 ಕೋಟಿಗೂ ಹೆಚ್ಚು ಮನೆಗಳನ್ನು ತಲುಪಿದರು.

ಇಂದಿನ ಪೊಟ್ಟಣದಲ್ಲಿ ಹಳೆಯ ಅಳತೆ ಇಲ್ಲ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳ ಮೇಲೆ 2002ರಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ಕಡಿಮೆ ಮಾಡಲಾಯಿತು. ಪೊಟ್ಟಣವನ್ನು ಎಷ್ಟು ನೀರಿಗೆ ಹಾಕಬೇಕೆಂಬುದು ಅದರ ಮೇಲೆಯೇ ಬರೆದಿರುತ್ತದೆ.