ಮಳೆಗಾಲದಲ್ಲಿ ಕಡಲತೀರದ ಮರಳು ಎಲ್ಲಿಗೆ ಹೋಗುತ್ತದೆ?

ಆಗಸ್ಟ್‌ನಲ್ಲಿ ಕರ್ನಾಟಕ ಕರಾವಳಿಯ ಕಾಪುವಿನಂಥ ತೀರಕ್ಕೆ ಹೋದರೆ ಕಾಣುವುದು ಕಿರಿದಾದ ಮರಳ ಪಟ್ಟಿ. ಅದರ ಅಂಚು ಕತ್ತರಿಸಿದಂತೆ ನೆಟ್ಟಗೆ ನಿಂತಿರುತ್ತದೆ. ಫೆಬ್ರವರಿಯ ಹೊತ್ತಿಗೆ ಅಲ್ಲೇ ಮರಳು ಮತ್ತೆ ತುಂಬಿರುತ್ತದೆ. ಇದೆಲ್ಲ ಅಲೆಗಳ ಕೆಲಸ.

ಮಳೆ ನಿಂತ ಮೇಲೆ ಬರುವ ಅಲೆಗಳು ತಗ್ಗು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚು. ತೆರೆ ಮೇಲೇರುವಾಗ ಮರಳನ್ನು ಹೊತ್ತು ತರುತ್ತದೆ. ಹಿಂದೆ ಸರಿಯುವಷ್ಟರಲ್ಲಿ ನೀರಿನ ಒಂದು ಪಾಲು ಇಂಗಿರುತ್ತದೆ. ಉಳಿದ ನೀರಿಗೆ ತಂದದ್ದನ್ನೆಲ್ಲ ಒಯ್ಯುವ ಬಲವಿರುವುದಿಲ್ಲ. ಹೀಗೆ ತೀರ ಬೆಳೆಯುತ್ತದೆ.

ಜೂನ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಎತ್ತರದ ಅಲೆಗಳು ಒಂದರ ಬೆನ್ನಿಗೊಂದು ಬಂದು ಅಪ್ಪಳಿಸುತ್ತವೆ. ಮರಳು ಆಗಲೇ ನೀರು ಕುಡಿದು ತುಂಬಿರುವುದರಿಂದ ಇಂಗಲು ಜಾಗವಿಲ್ಲ. ದಡದಲ್ಲಿ ಒಟ್ಟಾದ ನೀರು ತಳದಗುಂಟ ಹಿಂದಕ್ಕೆ ಹರಿಯುತ್ತಾ ಮರಳನ್ನೂ ಎಳೆದೊಯ್ಯುತ್ತದೆ. ಚಂಡಮಾರುತ ಬಂದರೆ ಗಾಳಿಯ ನೂಕು ಮತ್ತು ಕುಸಿದ ವಾಯುಭಾರ ಸೇರಿ ಕಡಲ ಮಟ್ಟವೇ ಏರುತ್ತದೆ. ಅಲೆಗಳು ತೆಂಗಿನ ಬುಡಕ್ಕೂ ಮನೆಯಂಗಳಕ್ಕೂ ಬರುತ್ತವೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ದಡ ಸೇರಿದ್ದು ಗುಜರಾತಿನಲ್ಲಿ. ಆದರೂ ದೂರದಲ್ಲಿ ಹಾದುಹೋಗುತ್ತಲೇ ಅದು ನಮ್ಮ ಕರಾವಳಿಯನ್ನು ಕೊರೆಯಿತು.

ಹೋದ ಮರಳಿನ ಬಹುಪಾಲು ದೂರ ಹೋಗುವುದಿಲ್ಲ. ದಡದಿಂದ ತುಸು ಆಚೆ, ನೀರಿನಡಿಯಲ್ಲಿ ದಿಬ್ಬವಾಗಿ ಕೂರುತ್ತದೆ. ಮುಂದಿನ ಅಲೆಗಳು ಆ ದಿಬ್ಬದ ಮೇಲೆಯೇ ಒಡೆದು, ಕುಗ್ಗಿ ದಡಕ್ಕೆ ಬರುತ್ತವೆ. ಹೀಗೆ ಕಳೆದುಕೊಂಡ ಮರಳೇ ತೀರವನ್ನು ಕಾಯುತ್ತದೆ. ಶಾಂತ ಅಲೆಗಳು ಬಂದಾಗ ಮೆಲ್ಲಗೆ ಹಿಂದಿರುಗುತ್ತದೆ. ಈಜುವವರು ಗಮನಿಸಬೇಕಾದದ್ದೂ ಇಲ್ಲೇ ಇದೆ: ದಿಬ್ಬದ ನಡುವಿನ ಸಂದಿನಲ್ಲಿ ನೀರು ರಭಸದಿಂದ ಕಡಲಿನತ್ತ ನುಗ್ಗುತ್ತದೆ. ಆ ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು.

ಮರಳಿಗೆ ಇನ್ನೊಂದು ದಾರಿಯೂ ಇದೆ. ಅಲೆಗಳು ಓರೆಯಾಗಿ ಬಂದಾಗ ಅದು ತೀರದುದ್ದಕ್ಕೂ ಸಾಗುತ್ತದೆ. ಈ ದಾರಿಗೆ ಕಲ್ಲು ಹಾಕಿದರೆ ಏನಾಗುತ್ತದೆಂಬುದಕ್ಕೆ ಚೆನ್ನೈ ಸಾಕ್ಷಿ. ಅಲ್ಲಿ ವರ್ಷದ ಒಟ್ಟು ಸಾಗಣೆ ದಕ್ಷಿಣದಿಂದ ಉತ್ತರಕ್ಕೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರಿನ ಗೋಡೆಗಳು ಎದ್ದ ಮೇಲೆ ದಕ್ಷಿಣದಲ್ಲಿ ಮರಳು ನಿಂತು ಮರೀನಾ ತೀರ ಅಗಲವಾಯಿತು; ಉತ್ತರದ ರಾಯಪುರಂ ಕಡೆ ಕಡಲ್ಕೊರೆತ ಶುರುವಾಯಿತು.

ಕೊರೆತ ಕಂಡಲ್ಲೆಲ್ಲ ಬಂಡೆಕಲ್ಲು ಸುರಿಯುವುದು ನಮ್ಮಲ್ಲಿ ರೂಢಿ. ಅದರ ಹಿಂದಿನ ರಸ್ತೆ, ಮನೆ ಉಳಿಯಬಹುದು. ಆದರೆ ಕಲ್ಲಿಗೆ ಬಡಿದು ಹಿಮ್ಮೆಟ್ಟುವ ಅಲೆ ಬುಡದ ಮರಳನ್ನು ಕೆದಕುತ್ತದೆ. ಗೋಡೆ ಮುಗಿದಲ್ಲಿ ಪಕ್ಕದ ತೀರ ಕೊರೆತಕ್ಕೆ ಸಿಕ್ಕುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೇ ರೀಫ್ (ನೀರಿನಡಿಯ ಕೃತಕ ದಿಬ್ಬ) ಕಟ್ಟಿದ್ದು ಬೇರೆ ಲೆಕ್ಕಾಚಾರದಿಂದ: ಮರಳ ದಿಬ್ಬದಂತೆ ಅದೂ ಅಲೆಯನ್ನು ದೂರದಲ್ಲೇ ಒಡೆಯಬೇಕು.

ಹಾಗಾಗಿ ಜುಲೈ ತಿಂಗಳ ಒಂದು ಚಿತ್ರ ನೋಡಿ ತೀರ ಹಾಳಾಯಿತೆಂದು ತೀರ್ಮಾನಿಸಬಾರದು. ಪ್ರತಿವರ್ಷ ಫೆಬ್ರವರಿಯಲ್ಲಿ, ಅಷ್ಟೇ ಇಳಿತವಿರುವ ಹೊತ್ತಿನಲ್ಲಿ, ಒಂದೇ ಜಾಗದಿಂದ ಅಗಲ ಅಳೆಯಿರಿ. ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಬಂದರು, ಅಳಿವೆಯ ಗೋಡೆ, ನದಿಯ ಮರಳುಗಾರಿಕೆಗಳತ್ತ ಕಣ್ಣು ಹಾಯಿಸಬೇಕು. ಅಲ್ಲೆಲ್ಲೋ ಮರಳಿನ ದಾರಿ ಕಟ್ಟಿರುವ ಸಾಧ್ಯತೆ ಹೆಚ್ಚು.