ನೌಕರರ ನೇಮಕಾತಿ: ತ್ವರಿತ ಪರಿಶೀಲನೆಯ ಇತಿಮಿತಿಗಳು

ಸಣ್ಣ ಉದ್ದಿಮೆಗಳಲ್ಲಿ ನಗದು ಗುಮಾಸ್ತ, ಉಗ್ರಾಣಪಾಲಕ ಹಾಗೂ ವಸೂಲಿ ಪ್ರತಿನಿಧಿಗಳ ಪ್ರಾಮಾಣಿಕತೆಯ ಮೇಲೆಯೇ ವ್ಯವಹಾರದ ಭದ್ರತೆ ನಿಂತಿರುತ್ತದೆ. ಹಿಂದೆ ಇಂತಹ ಸ್ಥಾನಗಳಿಗೆ ಬಂಧುಗಳು ಅಥವಾ ಪರಿಚಿತ ವರ್ತಕರು ಶಿಫಾರಸು ಮಾಡಿದವರನ್ನು ನೇಮಿಸಿಕೊಳ್ಳುವುದು ವಾಡಿಕೆಯಾಗಿತ್ತು. ಈಗ ಕೆಲವೇ ದಿನಗಳಲ್ಲಿ ವರದಿ ನೀಡುವ ಪರಿಶೀಲನಾ ಸಂಸ್ಥೆಗಳು ಬಂದಿವೆ. ವರದಿಯಲ್ಲಿ ‘ಆಕ್ಷೇಪಾರ್ಹ ಅಂಶಗಳಿಲ್ಲ’ ಎಂದಿದ್ದರೆ ಮಾಲೀಕರು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ಎಷ್ಟರಮಟ್ಟಿಗೆ ಸಮರ್ಥನೀಯವೆಂಬುದು ವಿಚಾರಾರ್ಹ.

ದಾಖಲೆಗಳು ಹೇಳುವುದೆಷ್ಟು?

ಆಧಾರ್ ವ್ಯಕ್ತಿಯ ಗುರುತನ್ನು ದೃಢಪಡಿಸುತ್ತದೆ, ನಡತೆಯನ್ನಲ್ಲ. ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಅಭ್ಯರ್ಥಿಯ ಹಿಂದಿನ ಸೇವಾ ವಿವರ ದೊರೆಯುತ್ತದೆ. ಆದರೆ ಈ ಯೋಜನೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಕಡ್ಡಾಯವಾದುದರಿಂದ, ಐದಾರು ಮಂದಿಯ ಅಂಗಡಿಯಲ್ಲಿ ಮಾಡಿದ ಸೇವೆ ಅಲ್ಲಿ ಕಾಣಸಿಗದು.

ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕುವಾಗ ನ್ಯಾಯಾಲಯ ಸಂಕೀರ್ಣವನ್ನೂ ಪ್ರಕರಣ ದಾಖಲಾದ ವರ್ಷವನ್ನೂ ನಮೂದಿಸಬೇಕು. ಹುಬ್ಬಳ್ಳಿಯಲ್ಲಿ ಹುಡುಕಿದವರಿಗೆ ಬಳ್ಳಾರಿಯ ಪ್ರಕರಣ ತಿಳಿಯದು. ಹೆಸರಿನ ಕಾಗುಣಿತ ಬದಲಾದರೆ ಪ್ರಕರಣ ತಪ್ಪಿಹೋಗುತ್ತದೆ. ಹೆಸರು ಒಂದೇ ಆಗಿದ್ದರೆ ನಿರಪರಾಧಿಯೂ ಕೆಲಸ ಕಳೆದುಕೊಳ್ಳಬಹುದು. ಆದ್ದರಿಂದ ಪ್ರತಿಕೂಲ ಅಂಶ ಕಂಡುಬಂದಾಗ ಅಭ್ಯರ್ಥಿಗೆ ವಿವರಣೆ ನೀಡಲು ಅವಕಾಶ ಕೊಡುವುದು ನ್ಯಾಯ.

ಎಲ್ಲಕ್ಕಿಂತ ಮಿಗಿಲಾಗಿ, ಅನೇಕ ಅಕ್ರಮಗಳು ದಾಖಲೆಗೇ ಬರುವುದಿಲ್ಲ. ನೌಕರನು ಎಸಗುವ ನಂಬಿಕೆದ್ರೋಹಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯ 408ನೇ ಕಲಮು ಅನ್ವಯಿಸುತ್ತಿತ್ತು; 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316(4)ನೇ ಕಲಮು ಅನ್ವಯಿಸುತ್ತದೆ. ಏಳು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದ್ದರೂ, ಕೋರ್ಟು ಕಚೇರಿಯ ಅಲೆದಾಟಕ್ಕೆ ಅಂಜಿ ಮಾಲೀಕರು ಬಂದಷ್ಟು ಹಣ ವಸೂಲು ಮಾಡಿಕೊಂಡು, ಅನುಭವ ಪತ್ರವನ್ನೂ ಕೊಟ್ಟು ಕಳುಹಿಸುವುದುಂಟು. ಆ ಪತ್ರವೇ ಮುಂದಿನ ಮಾಲೀಕನ ಕೈಸೇರುತ್ತದೆ.

ಮೊದಲ ತಪ್ಪಿಗೆ ಪೂರ್ವದಾಖಲೆಯಿಲ್ಲ

ವಂಚನಾ ಪರಿಶೋಧಕರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಂಸ್ಥೆಗಳನ್ನು ವಂಚಿಸಿದ ಸಿಬ್ಬಂದಿಯಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಯ ಮೇಲೆ ಅದಕ್ಕೆ ಮುಂಚೆ ವಂಚನೆಯ ಆರೋಪವಾಗಲಿ ಶಿಕ್ಷೆಯಾಗಲಿ ಇರಲಿಲ್ಲ. ಅಂದರೆ ಪರಿಶೀಲನೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಇವರಲ್ಲಿ ಬಹುಪಾಲು ಮಂದಿ ಉತ್ತೀರ್ಣರಾಗುತ್ತಿದ್ದರು. ಹಣದ ಅಡಚಣೆಯೊಂದಿಗೆ ಅವಕಾಶವೂ ಕೂಡಿಬಂದಾಗ ಮನುಷ್ಯ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ಅಡಚಣೆ ಮಾಲೀಕರ ಕೈಯಲ್ಲಿಲ್ಲ. ಅವಕಾಶ ಅವರ ಕೈಯಲ್ಲಿದೆ.

ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕಿನ ಪ್ರಕರಣ ಇದಕ್ಕೆ ನಿದರ್ಶನ. ನಿಕ್ ಲೀಸನ್ ಎಂಬ ನೌಕರ ಸಾಲದ ಕುರಿತ ನ್ಯಾಯಾಲಯದ ತೀರ್ಪೊಂದನ್ನು ಅರ್ಜಿಯಲ್ಲಿ ಮರೆಮಾಚಿದ್ದು 1992ರಲ್ಲಿ ಲಂಡನ್ನಿನಲ್ಲಿಯೇ ಪತ್ತೆಯಾಗಿತ್ತು. ಬ್ಯಾಂಕು ಅರ್ಜಿಯನ್ನು ಹಿಂಪಡೆದು ಅವನನ್ನು ಸಿಂಗಪುರಕ್ಕೆ ಕಳುಹಿಸಿತು. ಅಲ್ಲಿ ವಹಿವಾಟು ನಡೆಸುವುದೂ ಅದರ ಲೆಕ್ಕ ಚುಕ್ತಾ ಮಾಡುವುದೂ ಅವನ ಹತೋಟಿಯಲ್ಲಿಯೇ ಇದ್ದವು. 1995ರ ಫೆಬ್ರವರಿಯಲ್ಲಿ ಸುಮಾರು 82.7 ಕೋಟಿ ಪೌಂಡ್ ನಷ್ಟದೊಂದಿಗೆ ಬ್ಯಾಂಕು ಕುಸಿಯಿತು. ಪರಿಶೀಲನೆ ಎಚ್ಚರಿಸಿತ್ತು, ಆಂತರಿಕ ಹತೋಟಿ ಇರಲಿಲ್ಲ.

ಚಿಕ್ಕ ಮಳಿಗೆಯಲ್ಲಿಯೂ ಇದರ ರೀತಿ ಬೇರೆಯಲ್ಲ. ವಸೂಲಿಗಾರನು ಒಬ್ಬ ಗ್ರಾಹಕನ ಹಣವನ್ನು ಬಳಸಿಕೊಂಡು, ಎರಡನೆಯವನ ಹಣವನ್ನು ಮೊದಲನೆಯವನ ಖಾತೆಗೆ ಜಮಾ ಮಾಡುತ್ತಾನೆ. ಮೂರನೆಯವನ ಹಣದಿಂದ ಎರಡನೆಯ ಖಾತೆಯನ್ನು ಸರಿದೂಗಿಸುತ್ತಾನೆ. ಈ ಸರಪಳಿ ಕಡಿಯದಂತೆ ಅವನು ದಿನವೂ ಹಾಜರಿರಬೇಕು. ರಜೆಯನ್ನೇ ಪಡೆಯದ ನೌಕರನನ್ನು ಎಲ್ಲ ಸಂದರ್ಭಗಳಲ್ಲಿಯೂ ಶ್ರದ್ಧಾವಂತನೆಂದು ಭಾವಿಸಲಾಗದು. ಈ ಕಾರಣದಿಂದಲೇ ಭಾರತೀಯ ರಿಸರ್ವ್ ಬ್ಯಾಂಕು 2021ರ ಜುಲೈನಲ್ಲಿ, ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ಪೂರ್ವಸೂಚನೆಯಿಲ್ಲದೆ ವರ್ಷಕ್ಕೊಮ್ಮೆ ಸತತ 10 ಕೆಲಸದ ದಿನಗಳಿಗೆ ಕಡಿಮೆಯಿಲ್ಲದ ಕಡ್ಡಾಯ ರಜೆಯ ಮೇಲೆ ಕಳುಹಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು.

ಅನುಸರಿಸಬಹುದಾದ ಕ್ರಮಗಳು

1. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು, ಹಿಂದಿನ ಮಾಲೀಕರೊಡನೆ ಖುದ್ದಾಗಿ ಮಾತನಾಡುವುದು. ‘ಇವರನ್ನು ಪುನಃ ನೇಮಿಸಿಕೊಳ್ಳುವಿರಾ?’ ಎಂಬ ಪ್ರಶ್ನೆಗೆ ಬರುವ ಉತ್ತರ ಹತ್ತು ಪ್ರಮಾಣಪತ್ರಗಳಿಗೆ ಸಮ.

2. ನಗದು ಸ್ವೀಕರಿಸುವವರಿಗೆ ಖಾತಾ ಬರವಣಿಗೆಯನ್ನೂ, ಚೆಕ್ಕು ಬರೆಯುವವರಿಗೆ ಬ್ಯಾಂಕು ಲೆಕ್ಕದ ತಾಳೆಯನ್ನೂ ವಹಿಸದಿರುವುದು. ಸಿಬ್ಬಂದಿ ಸಾಲದಿದ್ದಲ್ಲಿ ತಾಳೆಯನ್ನು ಮಾಲೀಕರೇ ನೋಡುವುದು.

3. ಗ್ರಾಹಕರಿಗೆ ಪ್ರತಿ ತಿಂಗಳೂ ಬಾಕಿ ವಿವರವನ್ನು ವಸೂಲಿಗಾರರ ಮೂಲಕವಲ್ಲದೆ ನೇರವಾಗಿ ಕಳುಹಿಸುವುದು.

4. ವರ್ಷಕ್ಕೊಮ್ಮೆ ಕಡ್ಡಾಯ ರಜೆ ನೀಡಿ, ಆ ಅವಧಿಯಲ್ಲಿ ಬೇರೊಬ್ಬರಿಂದ ಕೆಲಸ ಮಾಡಿಸುವುದು.

5. ಸಿಬ್ಬಂದಿ ಹಾಗೂ ಗ್ರಾಹಕರು ನಿರ್ಭಯವಾಗಿ ದೂರು ಹೇಳಲು ಅವಕಾಶವಿಡುವುದು. ಮೇಲಿನ ವರದಿಯಂತೆ ಶೇ. 40ಕ್ಕೂ ಹೆಚ್ಚು ವಂಚನೆಗಳು ಬಯಲಾದದ್ದು ಇಂತಹ ಸುಳಿವುಗಳಿಂದಲೇ.

ಪೂರ್ವಾಪರ ಪರಿಶೀಲನೆ ಅನಾವಶ್ಯಕವೆಂದು ಇದರರ್ಥವಲ್ಲ. ಅದು ಪ್ರವೇಶದ್ವಾರದ ಬೀಗ ಮಾತ್ರ. ಒಳಗಿನ ತಿಜೋರಿಯ ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನು ಮಾಲೀಕರೇ ನಿರ್ಧರಿಸಬೇಕು. ಸುವ್ಯವಸ್ಥಿತ ಹತೋಟಿ ಪ್ರಾಮಾಣಿಕ ನೌಕರರ ಮೇಲಿನ ಅವಿಶ್ವಾಸವಲ್ಲ. ಅವರನ್ನು ಸಂಶಯದಿಂದಲೂ ಪ್ರಲೋಭನೆಯಿಂದಲೂ ಕಾಪಾಡುವ ರಕ್ಷೆ.